ಎಡತೋಳು ನೋಯುತ್ತಿದೆ, ಹೃದಯವೇ ಡಾಕ್ಟರಮ್ಮ?

ಪ್ರಶ್ನೆ: ನನಗೆ 51 ವರ್ಷ. ಹಾಸನ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ಎಂಟು ವರ್ಷದಿಂದ ಶುಗರ್ ಇದೆ, ಮಾತ್ರೆ ತಗೋತಿದ್ದೀನಿ. ಐದು ತಿಂಗಳಿಂದ ಎಡಭುಜ, ಎಡತೋಳು ನೋವು. ಅನ್ನದ ಪಾತ್ರೆ ಎತ್ತಿ ಉಳುಕಿರಬೇಕು ಅಂತ ಮೊದಲು ಸುಮ್ಮನಿದ್ದೆ. ಈಗ ತುರುಬು ಕಟ್ಟೋಕೆ ಕೈ ಮೇಲಕ್ಕೆ ಹೋಗಲ್ಲ, ಸೆರಗು ಹಿಂದಕ್ಕೆ ಸಿಕ್ಕಿಸೋಕೆ ಆಗಲ್ಲ. ರಾತ್ರಿ ಎಡಮಗ್ಗುಲಿಗೆ ತಿರುಗಿದರೆ ಎಚ್ಚರ. ನಮ್ಮ ಜಿಲ್ಲೆಯಲ್ಲಿ ಹಾರ್ಟ್ ಅಟ್ಯಾಕ್ ಸುದ್ದಿ ಬಂದಾಗಿನಿಂದ ಮನೆಯವರಿಗೆಲ್ಲ ಭಯ. ಮೂರು ಸಲ ಇ.ಸಿ.ಜಿ. ಮಾಡಿಸಿದೆವು, ಮೂರು ಸಲವೂ ನಾರ್ಮಲ್ ಅಂದರು. ಹಾಗಾದರೆ ನೋವು ಯಾಕೆ ಹೋಗಿಲ್ಲ? ನಮ್ಮತ್ತೆ ವಾಯು ಅಂತ ಎಣ್ಣೆ ತಿಕ್ಕಿಸಿದರು. ಪಕ್ಕದೂರಲ್ಲಿ ನರ ಎಳೆಯುವವರೊಬ್ಬರು ಕೈ ಹಿಡಿದು ಜಗ್ಗಿದ ಮೇಲೆ ನೋವು ದುಪ್ಪಟ್ಟಾಯಿತು. ಆಸ್ಪತ್ರೆಯಲ್ಲಿ ಭುಜಕ್ಕೆ ಇಂಜೆಕ್ಷನ್ ಕೊಡ್ತೀವಿ ಅಂದರು, ಶುಗರ್ ಇರೋರು ತಗೋಬಾರದು ಅಂತ ಯಾರೋ ಹೇಳಿದರು. ಮಗ ಎಂ.ಆರ್.ಐ. ಮಾಡಿಸೋಣ ಅಂತಾನೆ. ಕೆಲಸ ಬಿಡಬೇಕಾ? ಕೈ ಹೀಗೇ ಉಳಿದುಬಿಡುತ್ತಾ? ಇನ್ನೊಂದು ಮಾತು, ಈಚೆಗೆ ಕೆರೆ ಏರಿ ಹತ್ತುವಾಗ ಏದುಸಿರು ಬರುತ್ತೆ. ವಯಸ್ಸಾಯಿತಲ್ಲ, ಅದಕ್ಕಿರಬೇಕು.

ಉತ್ತರ: ನೋಡಿಯಮ್ಮಾ, ನಿಮ್ಮ ಪತ್ರದಲ್ಲಿ ಉದ್ದಕ್ಕೂ ಇರುವುದು ಭುಜದ ಸಮಾಚಾರ. ಕೊನೆಯಲ್ಲಿ ‘ಇನ್ನೊಂದು ಮಾತು’ ಅಂತ ಬರೆದಿದ್ದೀರಲ್ಲ, ಅದು ಮಾತ್ರ ಹೃದಯಕ್ಕೆ ಸೇರಿದ್ದಿರಬಹುದು. ಎರಡನ್ನೂ ಒಂದೇ ಗಂಟು ಮಾಡಿದ್ದರಿಂದ ಎರಡಕ್ಕೂ ಸರಿಯಾದ ಚಿಕಿತ್ಸೆ ಸಿಕ್ಕಿಲ್ಲ. ಬೇರೆ ಬೇರೆಯಾಗಿ ನೋಡೋಣ.

ಭುಜದಿಂದಲೇ ಶುರುಮಾಡುತ್ತೇನೆ. ಈ ಪತ್ರ ಓದಿಕೊಂಡೇ ಒಂದು ಪರೀಕ್ಷೆ ಮಾಡಿಸಿಕೊಳ್ಳಬಹುದು. ಎಡ ಮೊಣಕೈಯನ್ನು ಪಕ್ಕೆಗೆ ಅಂಟಿಸಿ, ಅಂಗೈ ಒಳಮುಖವಾಗಿ, ಮುಂಗೈಯನ್ನು ನೇರ ಮುಂದಕ್ಕೆ ಚಾಚಿ ನಿಂತುಕೊಳ್ಳಿ. ಮೊಣಕೈ ಪಕ್ಕೆ ಬಿಡದ ಹಾಗೆ ಮುಂಗೈಯನ್ನು ಹೊರಗಡೆಗೆ ತಿರುಗಿಸಿ. ಎಷ್ಟು ತಿರುಗಿತು? ಈಗ ನೀವು ಕೈ ಸಡಿಲ ಬಿಡಿ, ಮನೆಯವರು ಯಾರಾದರೂ ಮೆಲ್ಲಗೆ ಅದನ್ನೇ ತಿರುಗಿಸಲಿ. ಬಲಗೈಗೂ ಹಾಗೇ ಮಾಡಿ ಹೋಲಿಸಿ. ಎಡಗೈ ನೀವು ತಿರುಗಿಸಿದರೂ ಹೋಗುವುದಿಲ್ಲ, ಅವರು ತಿರುಗಿಸಿದರೂ ಅಲ್ಲೇ ಗಕ್ಕನೆ ನಿಲ್ಲುತ್ತದೆ ಎಂದಾದರೆ, ಕೀಲನ್ನು ಸುತ್ತುವರಿದ ಪೊರೆ ಬಿಗಿದುಕೊಂಡಿದೆ ಎಂದು ಅರ್ಥ. ಆಸ್ಪತ್ರೆಯಲ್ಲಿ ಇದನ್ನು ಫ್ರೋಜನ್ ಶೋಲ್ಡರ್ ಎನ್ನುತ್ತಾರೆ. ನೀವು ಬರೆದ ತುರುಬು, ಸೆರಗು, ರಾತ್ರಿಯ ಎಚ್ಚರ ಎಲ್ಲ ಇದಕ್ಕೇ ಬೊಟ್ಟು ಮಾಡುತ್ತವೆ.

ಹಾಗಲ್ಲದೆ, ನಿಮ್ಮಷ್ಟಕ್ಕೆ ಕೈ ಮೇಲೆತ್ತಲು ಆಗುವುದಿಲ್ಲ, ಆದರೆ ಬೇರೆಯವರು ಎತ್ತಿದರೆ ಸಲೀಸಾಗಿ ಪೂರ್ತಿ ಹೋಗುತ್ತದೆ ಎಂದಾದರೆ ಕತೆಯೇ ಬೇರೆ. ಆಗ ಕೀಲು ಸಡಿಲವಾಗಿಯೇ ಇದೆ, ಕೈಯೆತ್ತುವ ಸ್ನಾಯುರಜ್ಜು ಸವೆದಿದೆ ಅಥವಾ ಹರಿದಿದೆ. ಬೈಕಿನಿಂದ ಬಿದ್ದು ಕೈ ಊರಿದವರಲ್ಲಿ, ಅರವತ್ತು ದಾಟಿ ತೆಂಗಿನಕಾಯಿ ಮೂಟೆ ಹೊರುವವರಲ್ಲಿ ಇದನ್ನು ಹೆಚ್ಚು ನೋಡುತ್ತೇವೆ. ಕೈಯನ್ನು ಪಕ್ಕದಿಂದ ಮೇಲೆತ್ತುವಾಗ ಸುಮಾರು 60 ಡಿಗ್ರಿಯಿಂದ 120 ಡಿಗ್ರಿವರೆಗಿನ ನಡುದಾರಿಯಲ್ಲಿ ಮಾತ್ರ ಚುಚ್ಚಿ, ಅದು ದಾಟಿದ ಮೇಲೆ ಹಗುರಾದರೂ ಆ ರಜ್ಜುವಿನ ಮೇಲೇ ಅನುಮಾನ.

ಭುಜದ ಕೀಲಿನ ಸುತ್ತಲಿನ ಪೊರೆ ಸಹಜವಾಗಿ ಬಹಳ ಸಡಿಲ. ಮೈಯಲ್ಲಿ ಇನ್ಯಾವ ಕೀಲೂ ಇಷ್ಟು ದಿಕ್ಕಿಗೆ ತಿರುಗುವುದಿಲ್ಲ, ಅದಕ್ಕೆ ಆ ಸಡಿಲವೇ ಕಾರಣ. ಈ ಕಾಯಿಲೆಯಲ್ಲಿ ಪೊರೆಗೆ ಉರಿಯೂತ ಬಂದು, ದಪ್ಪಗಾಗಿ, ಮೊದಲ ಒಗೆತಕ್ಕೇ ಕುಗ್ಗಿದ ರವಿಕೆಯ ತೋಳಿನ ಹಾಗೆ ಹಿಡಿದುಕೊಳ್ಳುತ್ತದೆ. ಸಾಮಾನ್ಯ ಜನರಲ್ಲಿ ನೂರಕ್ಕೆ 2ರಿಂದ 5 ಮಂದಿಗೆ ಬರುವ ತೊಂದರೆ ಸಕ್ಕರೆ ಕಾಯಿಲೆ ಇರುವವರಲ್ಲಿ 10ರಿಂದ 20 ಮಂದಿಗೆ ಬರುತ್ತದೆ. 40ರಿಂದ 60ರ ವಯಸ್ಸು, ಅದರಲ್ಲೂ ಹೆಂಗಸರು. ಥೈರಾಯ್ಡ್ ತೊಂದರೆ ಇದ್ದವರಿಗೂ ಹೆಚ್ಚು. ರಕ್ತದಲ್ಲಿ ವರ್ಷಗಟ್ಟಲೆ ಸಕ್ಕರೆ ಮೇಲಿದ್ದರೆ ಅದು ಪೊರೆ, ರಜ್ಜುಗಳಲ್ಲಿರುವ ಕೊಲಾಜೆನ್ ಎಳೆಗಳಿಗೆ ಅಂಟಿಕೊಂಡು ಅವು ಗಡುಸಾಗುತ್ತವೆ ಎಂಬುದು ಇದಕ್ಕೆ ವೈದ್ಯರು ಕೊಡುವ ಮುಖ್ಯ ಕಾರಣ. ಒಮ್ಮೆ ಎರಡೂ ಅಂಗೈ ಜೋಡಿಸಿ ನಮಸ್ಕಾರ ಮಾಡಿ ನೋಡಿ. ಬೆರಳುಗಳು ಬುಡದಿಂದ ತುದಿಯವರೆಗೆ ಕೂಡದೆ ನಡುವೆ ಸಂದು ಉಳಿದರೆ, ಅದೇ ಗಡುಸು ಬೆರಳಿನ ಕೀಲುಗಳಿಗೂ ಬಂದಿದೆ. ಹಾಗಿದ್ದರೆ ಡಾಕ್ಟರಿಗೆ ಹೇಳಿ.

ಆದ್ದರಿಂದ ನಿಮ್ಮ ಭುಜಕ್ಕೆ ಮೂರು ಇ.ಸಿ.ಜಿ. ಮಾಡಿಸಿದ ಮನೆಯಲ್ಲಿ ಒಂದು ಎಚ್.ಬಿ.ಎ.1.ಸಿ. ಮಾಡಿಸಿದ್ದರಾ ಅಂತ ಕೇಳಬೇಕೆನಿಸುತ್ತದೆ. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆ ಅದು. ಬೆಳಗಿನ ಖಾಲಿ ಹೊಟ್ಟೆಯ ಲೆಕ್ಕ ಚೆನ್ನಾಗಿದ್ದೂ ಸರಾಸರಿ ಕೆಟ್ಟಿರುವುದು ಅಪರೂಪವೇನಲ್ಲ. ಪರೀಕ್ಷೆಯ ಹಿಂದಿನ ದಿನ ಮಾತ್ರ ಪಥ್ಯ ಮಾಡುವವರನ್ನು ನಾವು ದಿನಾ ನೋಡುತ್ತೇವೆ. ಜೊತೆಗೆ ಥೈರಾಯ್ಡಿನ ಟಿ.ಎಸ್.ಎಚ್. ಕೂಡ ಮಾಡಿಸಿ.

ಇನ್ನು ‘ಹೀಗೇ ಉಳಿದುಬಿಡುತ್ತಾ’ ಎಂಬ ಪ್ರಶ್ನೆ. ಇಲ್ಲಮ್ಮಾ. ಆದರೆ ಹಬ್ಬದೊಳಗೆ ಸರಿಹೋಗುತ್ತದೆ ಎಂದು ಸುಳ್ಳು ಹೇಳಲಾರೆ. ಈ ಕಾಯಿಲೆಗೆ ತನ್ನದೇ ನಡಿಗೆ ಇದೆ. ಮೊದಲ ಕೆಲವು ತಿಂಗಳು ನೋವು ಹೆಚ್ಚು, ಕೈ ದಿನೇ ದಿನೇ ಬಿಗಿಯುತ್ತದೆ. ನೀವು ಈಗ ಇಲ್ಲಿದ್ದೀರಿ. ಆಮೇಲೆ ನೋವು ಇಳಿಯುತ್ತದೆ, ಬಿಗಿ ಮಾತ್ರ ಹಾಗೇ ಇರುತ್ತದೆ. ಕೊನೆಗೆ ನಿಧಾನವಾಗಿ ಬಿಡಿಸಿಕೊಳ್ಳುತ್ತದೆ. ಎಲ್ಲ ಸೇರಿ ಒಂದರಿಂದ ಮೂರು ವರ್ಷ. ಸಕ್ಕರೆ ಇದ್ದವರಿಗೆ ಇನ್ನೂ ಸ್ವಲ್ಪ ಎಳೆಯಬಹುದು, ಕೊನೆಯಲ್ಲಿ ಒಂದಿಷ್ಟು ಬಿಗಿ ಉಳಿಯಲೂಬಹುದು. ಕೆಲವರಿಗೆ ಒಂದು ಭುಜ ಸರಿಹೋದ ಮೇಲೆ ಇನ್ನೊಂದು ಭುಜ ಹಿಡಿದುಕೊಳ್ಳುತ್ತದೆ. ಈಗಲೇ ಹೇಳಿಬಿಟ್ಟರೆ ಮುಂದೆ ಗಾಬರಿ ಕಡಿಮೆ ಅಂತ ಹೇಳಿದೆ.

ನರ ಎಳೆಯುವವರ ಕಡೆಗೆ ಮತ್ತೆ ಹೋಗಬೇಡಿ. ಉರಿಯೂತ ಇರುವ ಪೊರೆಯನ್ನು ಜಗ್ಗಿದರೆ ಅದು ಬಿಡಿಸಿಕೊಳ್ಳುವುದಿಲ್ಲ, ಇನ್ನಷ್ಟು ಕೆರಳುತ್ತದೆ. ನಿಮಗೆ ಆದದ್ದೂ ಅದೇ. ಎಳೆದಾಗ ‘ಟಕ್’ ಎಂದಿತು, ನರ ಕೂತಿತು ಎನ್ನುತ್ತಾರೆ. ಅಲ್ಲಿ ಜಾರಿದ ನರವೂ ಇರಲಿಲ್ಲ, ಕೂತ ನರವೂ ಇಲ್ಲ. ಮೂಳೆ ಸವೆದ ವಯಸ್ಸಿನವರಿಗೆ ಈ ಜಗ್ಗಾಟದಲ್ಲಿ ತೋಳಿನ ಮೂಳೆ ಮುರಿಯುವ ಅಪಾಯವೂ ಇದೆ. ಅತ್ತೆಯವರು ತಿಕ್ಕಿಸುವ ಎಣ್ಣೆಗೆ ನನ್ನ ತಕರಾರಿಲ್ಲ. ಬೆಚ್ಚಗಿನ ಎಣ್ಣೆ ಸವರಿದರೆ ಹಿತವಾಗುತ್ತದೆ, ಸವರಲಿ, ಗುದ್ದದಿರಲಿ.

ಇಂಜೆಕ್ಷನ್ ವಿಷಯ. ಕೀಲಿನೊಳಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಹೆಚ್ಚು ಕೆಲಸ ಮಾಡುವುದು ನೋವು ಜೋರಾಗಿರುವ ಆರಂಭದ ತಿಂಗಳುಗಳಲ್ಲೇ. ‘ಇನ್ನೂ ನೋಡೋಣ’ ಅಂತ ವರ್ಷ ಕಳೆದು, ನೋವು ತಾನಾಗಿ ಇಳಿದು ಬಿಗಿ ಮಾತ್ರ ಉಳಿದಾಗ ಕೊಟ್ಟರೆ ಅಷ್ಟು ಪ್ರಯೋಜನವಿಲ್ಲ. ಶುಗರ್ ಇರೋರು ತಗೋಬಾರದು ಎಂಬ ಮಾತಿನಲ್ಲಿ ಅರ್ಧ ನಿಜವಿದೆ. ಕೊಟ್ಟ ಮೇಲೆ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ, ಆಮೇಲೆ ಇಳಿಯುತ್ತದೆ. ಹಾಗಾಗಿ ಸಕ್ಕರೆ ಹತೋಟಿ ತಪ್ಪಿರುವಾಗ ಡಾಕ್ಟರು ಮುಂದಕ್ಕೆ ಹಾಕುತ್ತಾರೆ, ಹತೋಟಿಯಲ್ಲಿದ್ದರೆ ಕೊಡುತ್ತಾರೆ. ತೆಗೆದುಕೊಂಡ ವಾರ ದಿನವೂ ಸಕ್ಕರೆ ನೋಡಿಸಿಕೊಳ್ಳಿ. ಮಾತ್ರೆಯ ಪ್ರಮಾಣ ತಾತ್ಕಾಲಿಕವಾಗಿ ಬದಲಿಸಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ನಿಮ್ಮ ಜಾಗದಲ್ಲಿ ನನ್ನ ತಂಗಿ ಇದ್ದರೆ ತೆಗೆದುಕೋ ಎಂದೇ ಹೇಳುತ್ತಿದ್ದೆ.

ನನಗೆ ಹೆಚ್ಚು ಭಯವಿರುವುದು ಮೆಡಿಕಲ್ ಶಾಪಿನಲ್ಲಿ ‘ಮೈಕೈ ನೋವಿಗೆ ಕೊಡಿ’ ಅಂತ ತಂದು ತಿಂಗಳುಗಟ್ಟಲೆ ನುಂಗುವ ಮಾತ್ರೆಗಳ ಬಗ್ಗೆ. ಡೈಕ್ಲೋಫಿನ್ಯಾಕ್, ಅಸೆಕ್ಲೋಫಿನ್ಯಾಕ್ ಮುಂತಾದವು ನೋವನ್ನೇನೋ ತಗ್ಗಿಸುತ್ತವೆ. ಆದರೆ ಎಂಟು ವರ್ಷ ಸಕ್ಕರೆ ಕಂಡ ಮೂತ್ರಪಿಂಡಕ್ಕೆ ಅವು ಒಳ್ಳೆಯದಲ್ಲ. ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಹೃದಯಕ್ಕೂ ಹೊರೆ. ಕ್ರಿಯಾಟಿನಿನ್ ಪರೀಕ್ಷೆ ನೋಡಿ ಡಾಕ್ಟರು ಇಷ್ಟು ದಿನ ಎಂದು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಿ.

ವ್ಯಾಯಾಮ ಇಲ್ಲದೆ ಈ ಭುಜ ಬಗ್ಗುವುದಿಲ್ಲ. ಬಲಗೈಯನ್ನು ಮೇಜಿನ ಮೇಲೆ ಊರಿ, ಸೊಂಟ ಬಗ್ಗಿಸಿ, ಎಡತೋಳನ್ನು ಜೋತುಬಿಡಿ. ಬಿಗಿ ಹಿಡಿಯದೆ ಹಿಂದೆ ಮುಂದೆ ತೂಗಿ, ಆಮೇಲೆ ಸಣ್ಣ ಸುತ್ತು ಹಾಕಿ. ಬಾಸ್ಟನ್ನಿನ ಶಸ್ತ್ರಚಿಕಿತ್ಸಕ ಅರ್ನೆಸ್ಟ್ ಕಾಡ್ಮನ್ ಹೆಸರಿನಲ್ಲಿರುವ ವ್ಯಾಯಾಮ ಇದು. 1934ರ ತನ್ನ ಪುಸ್ತಕದಲ್ಲಿ ಈ ಕಾಯಿಲೆಗೆ ಫ್ರೋಜನ್ ಶೋಲ್ಡರ್ ಎಂದು ಕರೆದವನೂ ಆತನೇ. ಇನ್ನೊಂದು, ಗೋಡೆಗೆ ಎದುರು ನಿಂತು ಬೆರಳುಗಳಲ್ಲೇ ಗೋಡೆ ಹತ್ತುವುದು. ಎಲ್ಲಿಯವರೆಗೆ ಹೋಯಿತೋ ಅಲ್ಲಿ ಸೀಮೆಸುಣ್ಣದ ಗೆರೆ ಎಳೆದಿಡಿ; ಶಾಲೆಯಲ್ಲಿ ಸೀಮೆಸುಣ್ಣಕ್ಕೇನು ಬರ. ಬೆಳಿಗ್ಗೆ ಐದು ನಿಮಿಷ, ಮಧ್ಯಾಹ್ನ ಮಕ್ಕಳ ಊಟ ಮುಗಿದ ಮೇಲೆ ಐದು ನಿಮಿಷ, ರಾತ್ರಿ ಐದು ನಿಮಿಷ. ಮಾಡುವಾಗ ಎಳೆದ ಹಾಗಾಗಬೇಕು, ಕಣ್ಣಲ್ಲಿ ನೀರು ಬರಬಾರದು. ಮಾಡಿದ್ದರ ನೋವು ರಾತ್ರಿಯವರೆಗೂ ಉಳಿದರೆ ಮರುದಿನ ಅರ್ಧಕ್ಕೆ ಇಳಿಸಿ. ಮುಂಚೆ ಬಿಸಿನೀರಿನ ಶಾಖ ಕೊಟ್ಟುಕೊಂಡರೆ ಸುಲಭ. ಆದರೆ ಸಕ್ಕರೆ ಇರುವವರಿಗೆ ಚರ್ಮದ ಸ್ಪರ್ಶ ಮಂದವಾಗಿ ಸುಟ್ಟದ್ದೂ ಗೊತ್ತಾಗದೆ ಹೋಗಬಹುದು, ಬಿಸಿ ಎಷ್ಟಿದೆ ಎಂದು ಮನೆಯವರ ಕೈಯಲ್ಲಿ ಮುಟ್ಟಿಸಿ ನೋಡಿ. ಇವೆರಡನ್ನೂ ಶುರುಮಾಡಿಕೊಂಡು, ಆದಷ್ಟು ಬೇಗ ಫಿಸಿಯೋಥೆರಪಿಯವರಿಂದ ಮುಂದಿನದನ್ನು ಕಲಿತುಕೊಳ್ಳಿ. ಹಾಸನದ ಹಿಮ್ಸ್ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ತೋರಿಸಿದರೆ ಅವರೇ ಕಳಿಸುತ್ತಾರೆ.

ರವಿಕೆ ಹಾಕುವಾಗ ಎಡತೋಳು ಮೊದಲು, ಬಿಚ್ಚುವಾಗ ಎಡತೋಳು ಕೊನೆಗೆ. ಮಲಗುವಾಗ ಬಲಮಗ್ಗುಲಾಗಿ, ಎದೆಗೆ ಒಂದು ದಿಂಬು ಅವುಚಿಕೊಂಡು ಅದರ ಮೇಲೆ ಎಡಗೈ ಇಡಿ. ಕೈಗೆ ಜೋಳಿಗೆ ಕಟ್ಟಿಕೊಂಡು ಓಡಾಡಬೇಡಿ, ಅಲ್ಲಾಡದ ಭುಜ ಬೇಗ ಬಿಗಿಯುತ್ತದೆ. ಕೆಲಸ ಬಿಡುವ ಯೋಚನೆಯೂ ಬೇಡ. ಸಾಂಬಾರಿನ ಪಾತ್ರೆ ಇಳಿಸುವುದನ್ನು, ಅಕ್ಕಿ ಮೂಟೆ ಜರುಗಿಸುವುದನ್ನು ಜೊತೆಯವರಿಗೆ ಬಿಟ್ಟು, ನೀವು ತರಕಾರಿ ಹೆಚ್ಚುವುದು, ಒಗ್ಗರಣೆ, ಬಡಿಸುವುದು ವಹಿಸಿಕೊಳ್ಳಿ. ಡಾಕ್ಟರ ಚೀಟಿ ತೋರಿಸಿ ಮುಖ್ಯೋಪಾಧ್ಯಾಯರಿಗೆ ನೇರವಾಗಿ ಹೇಳಿ. ಇದನ್ನು ಕೇಳೋಕೆ ಸಂಕೋಚಪಟ್ಟು ಭುಜ ಹಾಳು ಮಾಡಿಕೊಳ್ಳುವ ಹೆಂಗಸರು ಬಹಳ ಮಂದಿ.

ಈಗ ಆ ಏದುಸಿರು.

2025ರ ಜೂನ್, ಜುಲೈನಲ್ಲಿ ನಿಮ್ಮ ಜಿಲ್ಲೆಯ ಸಾವುಗಳ ಸುದ್ದಿ ದಿನಬೆಳಗಾದರೆ ಟಿ.ವಿ.ಯಲ್ಲಿ ಬಂದು, ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದ್ದು ಎಲ್ಲರಿಗೂ ನೆನಪಿದೆ. ಆ ಭಯದಲ್ಲಿ ಬಂದವರೆಲ್ಲ ಕೇಳಿದ್ದು ಇ.ಸಿ.ಜಿ. ಅದರ ಮಿತಿಯನ್ನು ಅವರಿಗೆ ಬಿಡಿಸಿ ಹೇಳಿದವರು ಕಡಿಮೆ. ಸುಮ್ಮನೆ ಮಲಗಿರುವಾಗ ತೆಗೆದ ಇ.ಸಿ.ಜಿ. ಆ ಗಳಿಗೆಯ ಹೃದಯವನ್ನು ಮಾತ್ರ ಹೇಳುತ್ತದೆ. ರಕ್ತನಾಳ ಕಿರಿದಾಗಿ, ಶ್ರಮಪಟ್ಟಾಗ ಮಾತ್ರ ತೊಂದರೆ ಕೊಡುವ ಹೃದಯದ ಇ.ಸಿ.ಜಿ. ವಿಶ್ರಾಂತಿಯಲ್ಲಿ ನಾರ್ಮಲ್ ಇರಬಹುದು. ಹೀಗಾಗಿ ನಿಮ್ಮ ಮೂರು ಚೀಟಿಗಳು ಭುಜದ ನೋವಿಗೆ ಉತ್ತರ ಕೊಡಲಿಲ್ಲ, ಏದುಸಿರಿಗೂ ಕೊಟ್ಟಿಲ್ಲ.

ಹೃದಯದ ನೋವು ಬೇರೆ ಥರ ನಡೆದುಕೊಳ್ಳುತ್ತದೆ. ಅದು ತೋಳು ಎತ್ತಿದ್ದಕ್ಕೆ, ತಿರುಗಿಸಿದ್ದಕ್ಕೆ ಬರುವುದಿಲ್ಲ. ಏರಿ ಹತ್ತಿದಾಗ, ನೀರಿನ ಕೊಡ ಹೊತ್ತಾಗ, ಉಂಡ ಮೇಲೆ ಬಿರುಸಾಗಿ ನಡೆದಾಗ ಬರುತ್ತದೆ, ನಿಂತರೆ ಕೆಲವು ನಿಮಿಷದಲ್ಲಿ ಇಳಿಯುತ್ತದೆ. ಬೊಟ್ಟಿಟ್ಟು ತೋರಿಸಲಾಗದ ಭಾರ, ಹಿಂಡಿದ ಹಾಗೆ. ಎದೆಯ ನಡುವಿನಿಂದ ತೋಳಿಗೆ, ದವಡೆಗೆ, ಬೆನ್ನಿಗೆ ಹಬ್ಬುತ್ತದೆ. ಎಡತೋಳಿಗೇ ಬರಬೇಕೆಂದಿಲ್ಲ, ಬಲತೋಳಿಗೂ ಬರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಎದೆನೋವೇ ಇಲ್ಲದೆ ಬರೀ ಏದುಸಿರು, ಸುಸ್ತು, ಹೊಟ್ಟೆ ತೊಳಸುವುದಷ್ಟೇ ಇರಬಹುದು. ಅದಕ್ಕೇ ನಿಮ್ಮ ಕೆರೆ ಏರಿಯ ಮಾತನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಬಿಡಲಾರೆ. 51 ಏರಿ ಹತ್ತಿ ಏದುಸಿರು ಬಿಡುವ ವಯಸ್ಸಲ್ಲ. ಈ ವಾರವೇ ಹೋಗಿ ಹಿಮೋಗ್ಲೋಬಿನ್, ಬಿ.ಪಿ., ಎಕೋ ಮಾಡಿಸಿ, ಅಗತ್ಯವಿದ್ದರೆ ಟ್ರೆಡ್‌ಮಿಲ್ ಪರೀಕ್ಷೆ. ಬರೀ ರಕ್ತಹೀನತೆ ಎಂದು ತಿಳಿದರೆ ಸಂತೋಷವೇ. ಡಾಕ್ಟರ ಹತ್ತಿರ ‘ಎಡಗೈ ನೋವು’ ಅಂತ ಶುರುಮಾಡಬೇಡಿ, ‘ಏರಿ ಹತ್ತಿದರೆ ಉಸಿರು ಸಾಲಲ್ಲ, ಶುಗರ್ ಇದೆ’ ಅಂತ ಮೊದಲು ಹೇಳಿ.

ಯಾವತ್ತಾದರೂ ಎದೆ ಬಿಗಿದು, ಬೆವರು ಕಿತ್ತು ಬಂದು, ಉಸಿರು ಕಟ್ಟಿ, ಜೊತೆಗೆ ತೋಳೋ ದವಡೆಯೋ ನೋಯತೊಡಗಿದರೆ ಆಗ ಈ ಯಾವ ಪರೀಕ್ಷೆಯೂ ಬೇಡ, 108ಕ್ಕೆ ಫೋನ್ ಮಾಡಿಸಿ. ನಮ್ಮಲ್ಲಿ ಇಂಥ ಹೊತ್ತಿನಲ್ಲಿ ‘ಗ್ಯಾಸ್ಟ್ರಿಕ್ ಇರಬೇಕು’ ಅಂತ ಸೋಡಾ, ಜೀರಿಗೆ ಕಷಾಯ ಕುಡಿಸಿ ಒಂದು ಗಂಟೆ ಕಳೆಯುವುದು ದೊಡ್ಡ ಪಿಡುಗು. ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವುದೂ ಬೇಡ, ನಡೆಸುವುದೂ ಬೇಡ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಹೇಳುವ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ನಿಮಗೆ ಹತ್ತಿರದ, ಈ ಏರ್ಪಾಡಿರುವ ಆಸ್ಪತ್ರೆ ಯಾವುದು ಎಂದು ಆಶಾ ಕಾರ್ಯಕರ್ತೆಯನ್ನು ಇವತ್ತೇ ಕೇಳಿಟ್ಟುಕೊಳ್ಳಿ.

ಈ ಅಂಕಣ ಓದುವ ಬೇರೆಯವರ ತೋಳು ನೋವು ನಿಮ್ಮದರ ಹಾಗೇ ಇರಬೇಕಿಲ್ಲ, ಅವರಿಗೂ ಎರಡು ಮಾತು. ಕತ್ತಿನಿಂದ ಹೊರಟು ಕರೆಂಟ್ ಹೊಡೆದ ಹಾಗೆ ಬೆರಳಿನವರೆಗೆ ಇಳಿಯುವ ನೋವು, ಜೋಮು, ಕತ್ತು ಹಿಂದಕ್ಕೆ ಬಾಗಿಸಿದರೆ ಹೆಚ್ಚು, ಅಂಗೈಯನ್ನು ನೆತ್ತಿಯ ಮೇಲಿಟ್ಟರೆ ಹಗುರ. ಇಷ್ಟಿದ್ದರೆ ಕತ್ತಿನ ಮೂಳೆಗಳ ನಡುವೆ ನರ ಒತ್ತಿದೆ. ಹೊಲಿಗೆ ಯಂತ್ರದ ಮುಂದೆ, ಕಂಪ್ಯೂಟರ್ ಮುಂದೆ ಕತ್ತು ಬಗ್ಗಿಸಿ ಕೂರುವವರಿಗೆ ಇದು ಗೊತ್ತಿರುವ ಪಾಡು. ಬಹುಪಾಲು ಕೆಲವು ವಾರಗಳಲ್ಲಿ ಇಳಿಯುತ್ತದೆ. ಆದರೆ ಹಿಡಿತ ಸಡಿಲಾಗಿ ಲೋಟ ಕೈಜಾರತೊಡಗಿದರೆ, ನಡಿಗೆ ತಡವರಿಸಿದರೆ ಕಾಯಬಾರದು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು ಹಿಡಿದು ಕೈ ಕೊಡವಿದರೆ ಸರಿಹೋಗುವುದಾದರೆ ನರ ಒತ್ತಿರುವುದು ಮಣಿಕಟ್ಟಿನಲ್ಲಿ, ನೋವು ಭುಜದವರೆಗೆ ಏರಿದರೂ ಸರಿ. ಜಿಡ್ಡಿನ ಊಟ ಆದ ಮೇಲೆ ಬಲಭುಜದ ಹಿಂದೆ ನೋವು, ಹೊಟ್ಟೆಯ ಬಲ ಮೇಲ್ಭಾಗದಲ್ಲೂ ನೋವು ಎನ್ನುವವರು ಮೂಳೆ ಡಾಕ್ಟರಿಗಿಂತ ಮೊದಲು ಪಿತ್ತಕೋಶದ ಸ್ಕ್ಯಾನ್ ಮಾಡಿಸಲಿ. ಒಂದೇ ಪಟ್ಟಿಯಲ್ಲಿ ಉರಿ ಶುರುವಾಗಿ ಎರಡು ಮೂರು ದಿನಕ್ಕೆ ಗುಳ್ಳೆ ಎದ್ದರೆ ಸರ್ಪಸುತ್ತು. ಅದಕ್ಕೆ ಕೆಮ್ಮಣ್ಣು ಬಳಿಯುವುದಕ್ಕಿಂತ, ಗುಳ್ಳೆ ಎದ್ದ ಮೂರು ದಿನದೊಳಗೆ ವೈರಸ್ ವಿರುದ್ಧದ ಮಾತ್ರೆ ಶುರುಮಾಡುವುದು ಮೇಲು.

ತಡಮಾಡಬಾರದ ಇನ್ನು ಕೆಲವು ಇವೆ. ಭುಜ ಊದಿ ಬಿಸಿಯಾಗಿ ಜೊತೆಗೆ ಚಳಿಜ್ವರ ಬಂದರೆ ಕೀಲಿನಲ್ಲಿ ಕೀವಾಗಿರಬಹುದು, ಸಕ್ಕರೆ ಇರುವವರು ಅದೇ ದಿನ ಆಸ್ಪತ್ರೆ ಸೇರಬೇಕು. ತೋಳು ಇದ್ದಕ್ಕಿದ್ದಂತೆ ಊದಿ ನೀಲಿಗಟ್ಟಿದರೆ, ಅಥವಾ ಬಿಳಿಚಿ ತಣ್ಣಗಾದರೆ ರಕ್ತನಾಳದ ತೊಂದರೆ. ಬಿದ್ದ ಮೇಲೆ ಭುಜದ ಆಕಾರವೇ ಬದಲಾಗಿದ್ದರೆ ಯಾರೂ ಎಳೆಯದೆ ಎಕ್ಸ್‌ರೇಗೆ ಕರೆದೊಯ್ಯಬೇಕು. ಸ್ತನದಲ್ಲೋ ಕಂಕುಳಲ್ಲೋ ಗಂಟು ಸಿಕ್ಕಿದರೆ, ಬೀಡಿ ಸಿಗರೇಟಿನ ಅಭ್ಯಾಸ ಇರುವವರು ಕಾರಣವಿಲ್ಲದೆ ಸೊರಗುತ್ತ ಹಗಲು ರಾತ್ರಿ ಭುಜ ನೋವೆನ್ನುತ್ತಿದ್ದರೆ ಅವರನ್ನು ವ್ಯಾಯಾಮ ಮಾಡಿಸುತ್ತ ಕೂರಿಸಬೇಡಿ.

ಮಗನಿಗೆ ಹೇಳಿ, ಎಂ.ಆರ್.ಐ. ಈಗ ಬೇಡ. ಫ್ರೋಜನ್ ಶೋಲ್ಡರನ್ನು ಕೈ ತಿರುಗಿಸಿ ನೋಡಿಯೇ ಕಂಡುಹಿಡಿಯುತ್ತಾರೆ. ಕೀಲುಸವೆತವೋ ಇನ್ನೇನೋ ಅಲ್ಲವೆಂದು ಖಾತ್ರಿಮಾಡಿಕೊಳ್ಳಲು ಒಂದು ಎಕ್ಸ್‌ರೇ ಸಾಕು. ರಜ್ಜು ಹರಿದಿರುವ ಅನುಮಾನ ಬಂದರೆ, ಅಥವಾ ಆರು ತಿಂಗಳು ಸರಿಯಾಗಿ ಚಿಕಿತ್ಸೆ ಮಾಡಿಯೂ ಕೈ ಬಗ್ಗದೆ, ಅರಿವಳಿಕೆ ಕೊಟ್ಟು ಬಿಡಿಸುವುದೋ ದುರ್ಬೀನಿನ ಶಸ್ತ್ರಚಿಕಿತ್ಸೆಯೋ ಎಂಬ ಮಾತು ಬಂದರೆ ಆಗ ಎಂ.ಆರ್.ಐ. ಯೋಚಿಸಲಿ. ಅದಕ್ಕೆ ತೆಗೆದಿಟ್ಟ ದುಡ್ಡಿನಲ್ಲಿ ಮೊದಲು ಎಕೋ ಮತ್ತು ಎಚ್.ಬಿ.ಎ.1.ಸಿ. ಮಾಡಿಸಲಿ, ಉಳಿದದ್ದಕ್ಕೆ ಮನೆಗೊಂದು ಗ್ಲುಕೋಮೀಟರ್ ತರಲಿ.